ಬೆಟ್ಟಕ್ಕೆ ಸಲ್ಲಬೇಕಾದ ಪ್ರಾಯಶ್ಚಿತ್ತ

ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ಕುರಿತು ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ಕೊಟ್ಟ ತೀರ್ಪಿನ ಆರಂಭದಲ್ಲೇ ನಿಸರ್ಗವನ್ನು ಹಾಳುಗೆಡವುವ ಮನುಷ್ಯ ಮಾತೃಹತ್ಯೆ ಮಾಡುತ್ತಿದ್ದಾನೆ ಎಂಬರ್ಥದ ಮಾತು ಬರುತ್ತದೆ. ಕೆ.ಎಂ. ಚಿಣ್ಣಪ್ಪನವರು ಅರ್ಜಿದಾರರಾಗಿದ್ದ ಆ ಪ್ರಕರಣದಲ್ಲಿ ಕಾನೂನಿಗೇನೂ ಕೊರತೆ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇತ್ತು, 1980ರ ಅರಣ್ಯ ಸಂರಕ್ಷಣಾ ಕಾಯಿದೆ ಇತ್ತು. ಆದರೂ ನ್ಯಾಯಾಲಯಕ್ಕೆ ಪಾತಕದ ಭಾಷೆ ಬೇಕೆನಿಸಿತು. ಗಣಿ 2005ರ ಕೊನೆಗೆ ನಿಂತಿತು. ಪಾತಕದ ಹೆಸರು ಹೇಳಿದ ಮೇಲೆ ಪ್ರಾಯಶ್ಚಿತ್ತದ ಪ್ರಶ್ನೆ ಬಾರದೆ ಇರುವುದಿಲ್ಲ; ಕೊಲೆ ನಿಲ್ಲಿಸಿದ ಮಾತ್ರಕ್ಕೆ ಕೊಲೆಯ ಹೊಣೆ ತೀರುವುದಿಲ್ಲ. ಹಾಗಾದರೆ ಅಗೆದು ಬರಿದು ಮಾಡಿದ ಬೆಟ್ಟವನ್ನು ಮತ್ತೆ ಮೊದಲಿನಂತಾಗಿಸಲು ಹೊರಡುವುದು ಧರ್ಮದ ದೃಷ್ಟಿಯಲ್ಲಿ ಏನು? ಪೂಜೆಯೇ, ದುರಸ್ತಿಯೇ, ಅಥವಾ ನಮ್ಮ ಕಣ್ಣಿಗೆ ನಾವೇ ಕಟ್ಟಿಕೊಳ್ಳುವ ಹಸಿರು ಬಟ್ಟೆಯೇ? ಅದು ಪ್ರಾಯಶ್ಚಿತ್ತ ಎಂದು ನಾನು ವಾದಿಸುತ್ತೇನೆ. ಪ್ರಾಯಶ್ಚಿತ್ತಕ್ಕೆ ಇರುವ ಕಠಿಣ ನಿಯಮಗಳನ್ನೆಲ್ಲ ಪಾಲಿಸಿದಾಗ ಮಾತ್ರ ಅದಕ್ಕೆ ಅರ್ಥವಿದೆ ಎಂದೂ ಅದರ ಜೊತೆಗೇ ಹೇಳಬೇಕು.

ಮೊದಲು ಕಳೆದುಹೋದದ್ದು ಏನೆಂದು ನೋಡಬೇಕು, ಯಾಕೆಂದರೆ ಇಡೀ ವಾದ ನಿಂತಿರುವುದು ಅದರ ಮೇಲೆ. ಕುದುರೆಮುಖ, ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ, ಬಲ್ಲಾಳರಾಯನ ದುರ್ಗ, ಈ ಎಲ್ಲ ಎತ್ತರದ ಸಾಲುಗಳ ಮೈ ಎರಡು ಬಗೆಯದು. ನೀರು ಇಳಿದು ಮಣ್ಣು ಕೂಡುವ ಕಣಿವೆಯ ಮಡಿಲಲ್ಲಿ ಗಿಡ್ಡ ಮರಗಳ ದಟ್ಟ ಶೋಲಾ ಕಾಡು. ಗಾಳಿ ಹೊಡೆಯುವ, ತೆಳುಮಣ್ಣಿನ ದಿಣ್ಣೆಗಳ ಮೇಲೆಲ್ಲ ಹುಲ್ಲು. ಮಳೆಗಾಲದಲ್ಲಿ ಹುಲ್ಲಿನ ಬೇರು ನೀರನ್ನು ಹಿಡಿದು ಶೋಲಾಕ್ಕೆ ಇಳಿಸುತ್ತದೆ, ಶೋಲಾ ಅದನ್ನು ಬೇಸಗೆಯ ತನಕ ಸೋಸಿ ಸೋಸಿ ಹಳ್ಳಕ್ಕೆ ಬಿಡುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಇಂಥ ಮೈಯಲ್ಲೇ. ಈ ಹುಲ್ಲನ್ನು ನಾವು ಬಹುಕಾಲದಿಂದ ಬಡತನದ ಗುರುತೆಂದು ನೋಡುತ್ತ ಬಂದೆವು. ಬ್ರಿಟಿಷರ ಕಂದಾಯ ದಾಖಲೆಗಳಿಗೆ ಅದು ಉಪಯೋಗವಿಲ್ಲದ ನೆಲ. ಸ್ವಾತಂತ್ರ್ಯದ ನಂತರದ ಅರಣ್ಯೀಕರಣಕ್ಕೆ ಅದು ಮರ ಕಡಿದು ಬೋಳಾದ, ಆದ್ದರಿಂದ ಮರ ನೆಡಲು ಕಾಯುತ್ತಿರುವ ಬೆಟ್ಟ. ಆದರೆ ನೀಲಗಿರಿಯ ಜೌಗು ನೆಲದ ಪದರಗಳಲ್ಲಿನ ಇಂಗಾಲವನ್ನು ಪರೀಕ್ಷಿಸಿ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ, ಅಂಥ ಎತ್ತರದ ಬೆಟ್ಟಗಳಲ್ಲಿ ಹುಲ್ಲು ಸುಮಾರು 20,000 ವರ್ಷಗಳಿಂದ ಏರುತ್ತ ಇಳಿಯುತ್ತ ಬಂದಿದೆ ಎಂದು ತೋರಿಸಿತು. ಕೊಡಲಿ ಹಿಡಿದ ರೈತ ಅಲ್ಲಿಗೆ ಬರುವ ಎಷ್ಟೋ ಮುಂಚಿನಿಂದ ಹುಲ್ಲು ಅಲ್ಲಿತ್ತು. ಹಾಗೆಂದ ಮೇಲೆ ಕುದುರೆಮುಖದ ಸುತ್ತಿನ ಹುಲ್ಲುಬೆಟ್ಟಗಳಲ್ಲಿ ಗಣಿ ಕಂಪನಿಯೂ ಅರಣ್ಯ ಇಲಾಖೆಯೂ ನೆಟ್ಟ ಅಕೇಶಿಯಾ ತೋಪುಗಳನ್ನು ಏನೆಂದು ಕರೆಯಬೇಕು? ದೂರದಿಂದ ಅವು ಹಸಿರು. ಹತ್ತಿರ ಹೋದರೆ ತರಗೆಲೆಯ ದಪ್ಪ ಹಾಸಿನಡಿ ಆ ನೆಲದ ಹುಲ್ಲು ಉಸಿರುಕಟ್ಟಿ ಸತ್ತಿರುತ್ತದೆ. ಒಂದು ಗಾಯವನ್ನು ಇನ್ನೊಂದು ಗಾಯದಿಂದ ಮುಚ್ಚಿ, ಎರಡನೆಯದಕ್ಕೆ ನಾವು ವನಮಹೋತ್ಸವ ಎಂದು ಹೆಸರಿಟ್ಟಿದ್ದೇವೆ.

ಇಲ್ಲಿಂದಲೇ ಮೊದಲ ದೊಡ್ಡ ಆಕ್ಷೇಪ ಏಳುತ್ತದೆ. ಆಸ್ಟ್ರೇಲಿಯಾದ ತತ್ತ್ವಜ್ಞ ರಾಬರ್ಟ್ ಎಲಿಯಟ್ 1982ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಹಾಳುಮಾಡಿ ಮತ್ತೆ ಕಟ್ಟಿದ ನಿಸರ್ಗ ನಕಲಿ ಚಿತ್ರವಿದ್ದಂತೆ ಎಂದರು. ರೇಖೆ ರೇಖೆ ಹೊಂದಿದರೂ ನಕಲಿ ಚಿತ್ರಕ್ಕೆ ಮೂಲದ ಬೆಲೆ ಬಾರದು. ಅದು ಹುಟ್ಟಿ ಬಂದ ದಾರಿಯೇ ಬೇರೆ. ಅಮೆರಿಕದ ಎರಿಕ್ ಕಾಟ್ಜ್ ಹತ್ತು ವರ್ಷದ ನಂತರ ಇನ್ನೂ ಮುಂದೆ ಹೋಗಿ, ಪುನಃಸ್ಥಾಪನೆ ಎಂಬುದೇ ಒಂದು ಮಹಾ ಸುಳ್ಳು, ಮನುಷ್ಯನ ಯಜಮಾನಿಕೆಯ ಇನ್ನೊಂದು ಮುಖ ಎಂದರು. ಅಗೆದುಕೊಂಡ ಮೇಲೆ ಎಲ್ಲ ಮೊದಲಿನಂತೆ ಮಾಡಿಕೊಡುತ್ತೇವೆ ಎಂದು ಮಾತು ಕೊಡುವ ಗಣಿ ಕಂಪನಿಗಳನ್ನು ಎದುರಿಗಿಟ್ಟುಕೊಂಡು ಹುಟ್ಟಿದ ವಾದ ಇದು. ಅದರ ಮೊನೆ ಇಂದಿಗೂ ಮೊಂಡಾಗಿಲ್ಲ. ನಮ್ಮವರು ಇದಕ್ಕೆ ಥಟ್ಟನೆ ಒಂದು ಉತ್ತರ ಕೊಡಬಹುದು. ದೇವಸ್ಥಾನಗಳ ಲೋಕದಲ್ಲಿ ಜೀರ್ಣೋದ್ಧಾರವೆಂಬುದು ಇದೆಯಲ್ಲ? ಬಿಂಬ ಭಿನ್ನವಾದರೆ ಆಗಮಗಳ ವಿಧಿಯಂತೆ ಕಲಾಕರ್ಷಣದಿಂದ ಸಾನ್ನಿಧ್ಯವನ್ನು ಹೊರಸೆಳೆದು, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿ ದೇವರನ್ನು ಇರಿಸಿ, ಹೊಸ ಬಿಂಬವನ್ನು ಪ್ರತಿಷ್ಠೆ ಮಾಡುತ್ತಾರೆ. ಹಳೆಯದನ್ನು ನೀರಿಗೆ ಬಿಡುತ್ತಾರೆ. ಹೊಸ ಬಿಂಬ ನಕಲಿ ಎಂದು ಯಾವ ಭಕ್ತನೂ ಹೇಳುವುದಿಲ್ಲ. ಬೆಲೆ ಕಲ್ಲಿನ ಪ್ರಾಚೀನತೆಯಲ್ಲಿ ಇಲ್ಲ, ಅದರಲ್ಲಿ ಬಂದು ನಿಂತ ಸಾನ್ನಿಧ್ಯದಲ್ಲಿದೆ. ಇದು ಎಲಿಯಟ್‌ಗೆ ಕೊಡಬಹುದಾದ ಗಟ್ಟಿ ಉತ್ತರವೇ ಸರಿ. ಆದರೆ ಬೆಟ್ಟದ ವಿಷಯದಲ್ಲಿ ಅದನ್ನು ನಂಬುವುದು ಅಪಾಯ ಎಂದು ನನಗೆ ಅನಿಸುತ್ತದೆ. ಬಿಂಬವನ್ನು ಮಾಡಿದವನು ಶಿಲ್ಪಿ; ಇನ್ನೊಬ್ಬ ಶಿಲ್ಪಿ ಅದನ್ನು ಮತ್ತೆ ಮಾಡಬಲ್ಲ. ಶೋಲಾವನ್ನು ಮಾಡಿದ ಕೈ ಯಾವುದೂ ನಮ್ಮದಲ್ಲ, ನಮ್ಮ ಶಾಸ್ತ್ರದಲ್ಲಿ ಅದರ ಅಳತೆಗಳಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಮಾತು: ಸಾನ್ನಿಧ್ಯವನ್ನು ಎತ್ತಿ ಬೇರೆ ಕಡೆ ಇಡಬಹುದು ಎಂದು ಒಪ್ಪಿಕೊಂಡರೆ ಯಾವ ಬೆಟ್ಟವನ್ನಾದರೂ ಅಗೆದು, ಅದರ ಬದಲು ಬೇರೆ ಎಲ್ಲೋ ಒಂದು ಬೆಟ್ಟವನ್ನು ಪ್ರತಿಷ್ಠೆ ಮಾಡಬಹುದು ಎಂದಾಗುತ್ತದೆ. ಮಲೆನಾಡಿನ ಬನಗಳ ಚೌಡಿ, ಭೂತ, ನಾಗ ಹಾಗೆ ಸ್ಥಳ ಬಿಟ್ಟು ಏಳುವ ದೇವತೆಗಳಲ್ಲ. ಅವರ ಹೆಸರಿಗೇ ಊರಿನ, ಮರದ, ಹಳ್ಳದ ಹೆಸರು ಅಂಟಿಕೊಂಡಿರುತ್ತದೆ.

ಹಾಗಾಗಿ ಜೀರ್ಣೋದ್ಧಾರವನ್ನು ಬಿಟ್ಟು ಪ್ರಾಯಶ್ಚಿತ್ತಕ್ಕೆ ಬರಬೇಕು. ಎರಡಕ್ಕೂ ಇರುವ ಅಂತರ ದೊಡ್ಡದು. ಪ್ರಾಯಶ್ಚಿತ್ತ ಮಾಡಿಕೊಳ್ಳುವವನು ಕಳೆದದ್ದನ್ನು ಮರಳಿ ತರುತ್ತೇನೆ ಎಂದು ಹೇಳಿಕೊಳ್ಳುವುದಿಲ್ಲ. ಕಳೆದದ್ದು ಕಳೆದುಹೋಯಿತು, ಕಳೆದದ್ದು ನನ್ನಿಂದ ಎಂದು ಮೊದಲು ಒಪ್ಪಿಕೊಳ್ಳುತ್ತಾನೆ. ಧರ್ಮಶಾಸ್ತ್ರಗಳು ಅದರ ಅಂಗಗಳಾಗಿ ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದನ್ನೂ, ಪಶ್ಚಾತ್ತಾಪವನ್ನೂ, ಮತ್ತೆ ಹೀಗೆ ಮಾಡೆನೆಂಬ ನಿಶ್ಚಯವನ್ನೂ ಎಣಿಸುತ್ತವೆ. ಒಂದು ಕಾಲಕ್ಕೆ ಜೈನ ಭೈರರಸರ ನಾಡಾಗಿದ್ದ ಕಳಸದಲ್ಲಿ ಪ್ರತಿಕ್ರಮಣದ ಕಲ್ಪನೆ ಹೊಸದಲ್ಲ: ನಡೆದ ದಾರಿಯಲ್ಲೇ ಹಿಂದಿರುಗಿ ನೋಡಿ, ಒಂದಿಂದ್ರಿಯದ ಜೀವಿಯಿಂದ ಹಿಡಿದು ಎಲ್ಲ ಜೀವಿಗಳ ಕ್ಷಮೆ ಕೇಳುವ ಆಚರಣೆ ಅದು, ಮಣ್ಣು, ನೀರು, ಹುಲ್ಲು ಎಲ್ಲವೂ ಕ್ಷಮೆ ಕೊಡಬೇಕಾದವರ ಪಟ್ಟಿಯಲ್ಲಿವೆ. ದಾದಾ ಹಯಾತ್ ಕಲಂದರರನ್ನೂ ದತ್ತಾತ್ರೇಯನನ್ನೂ ಒಂದೇ ಗುಹೆಯಲ್ಲಿ ನೆನೆಯುತ್ತ ಬಂದ ಬಾಬಾಬುಡನ್‌ಗಿರಿಗೆ ಇಸ್ಲಾಮಿನ ತೌಬಾ ಕೂಡ ಗೊತ್ತು: ತಪ್ಪನ್ನು ನಿಲ್ಲಿಸು, ನೊಂದುಕೋ, ಮತ್ತೆ ಮಾಡದಿರು, ಇನ್ನೊಬ್ಬರ ಹಕ್ಕನ್ನು ಕಸಿದಿದ್ದರೆ ಅದನ್ನು ಅವರಿಗೇ ಹಿಂದಿರುಗಿಸು. ಮೂರೂ ಪರಂಪರೆಗಳು ಬೇರೆ ಬೇರೆ ದೇವರನ್ನು, ಬೇರೆ ಬೇರೆ ಮೋಕ್ಷವನ್ನು ಹೇಳುತ್ತವೆ. ಪ್ರಾಯಶ್ಚಿತ್ತದ ಸ್ವರೂಪದಲ್ಲಿ ಮಾತ್ರ ಇಷ್ಟು ಹತ್ತಿರ ಬರುತ್ತವೆ. ಕುದುರೆಮುಖದಂಥ ಸರ್ಕಾರಿ ರಾಷ್ಟ್ರೀಯ ಉದ್ಯಾನದ ಆಡಳಿತಕ್ಕೆ ಧರ್ಮವನ್ನು ಯಾಕೆ ತರುತ್ತೀರಿ ಎಂದು ಕೇಳುವವರಿಗೆ ಇದೇ ನನ್ನ ಉತ್ತರ. ಯಾವ ಒಂದು ಮತದ ದೇವರನ್ನೂ ನಾನು ತರುತ್ತಿಲ್ಲ. ಈ ಬೆಟ್ಟಗಳ ಜನರೆಲ್ಲ ತಮ್ಮ ತಮ್ಮ ಮನೆಯಲ್ಲಿ ಒಪ್ಪಿಕೊಂಡಿರುವ ಒಂದು ಶಿಸ್ತನ್ನು ಉದ್ಯಾನದ ಗಡಿಯ ಒಳಗೂ ಒಪ್ಪಿಕೊಳ್ಳಿ ಎನ್ನುತ್ತಿದ್ದೇನೆ, ಅಷ್ಟೇ.

ಆ ಶಿಸ್ತನ್ನು ಒಪ್ಪಿಕೊಂಡ ಕೂಡಲೇ ಕೆಲವು ಕೆಲಸಗಳು ಅಸಾಧ್ಯವಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಮುಂಗಡ ಪ್ರಾಯಶ್ಚಿತ್ತ. ಯಾವ ಶಾಸ್ತ್ರವೂ, ಯಾವ ಸಂತನೂ, ನಾಳೆ ಮಾಡಲಿರುವ ಪಾಪಕ್ಕೆ ಇಂದೇ ದಕ್ಷಿಣೆ ಕಟ್ಟಿ ನಿರಾಳವಾಗಿರು ಎನ್ನುವುದಿಲ್ಲ. ನಮ್ಮ ಅರಣ್ಯ ಆಡಳಿತ ಹೇಳುವುದು ಅದನ್ನೇ. ಕಾಡನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡುವಾಗ ಪರಿಹಾರಾತ್ಮಕ ಅರಣ್ಯೀಕರಣಕ್ಕೆ ಹಣ ಕಟ್ಟಿಸಿಕೊಳ್ಳುವ ಪದ್ಧತಿಗೆ 2016ರಲ್ಲಿ ಕೇಂದ್ರ ಕಾಯಿದೆಯ ಬಲ ಬಂತು. ಹಣ ಕಟ್ಟುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದ ನಷ್ಟಕ್ಕೆ ಕೊಡಲೇಬೇಕು. ಆದರೆ ಹಣ ಕಟ್ಟಿದ್ದರಿಂದ ಅನುಮತಿ ಸಿಗುವುದಾದರೆ ಅದು ಪ್ರಾಯಶ್ಚಿತ್ತದ ವೇಷದ ಸುಂಕ. ಮತ್ತೆ ಮಾಡೆನೆಂಬ ನಿಶ್ಚಯ ಅಲ್ಲಿ ಮೊದಲಿಗೇ ಇಲ್ಲ. ಇನ್ನೊಂದು ನಿಯಮ ಸತ್ಯದ್ದು. ಯಾರಿಗೆ ಅನ್ಯಾಯವಾಯಿತೋ ಅವರಿಗೇ ಹಿಂದಿರುಗಿಸಬೇಕಾದರೆ ಅವರು ಯಾರೆಂದು ತಿಳಿದಿರಬೇಕು. ಹುಲ್ಲಿಗೆ ಆದ ಅನ್ಯಾಯಕ್ಕೆ ಮರ ನೆಟ್ಟರೆ ಸಾಲ ಕೊಟ್ಟವನನ್ನು ಬಿಟ್ಟು ಪಕ್ಕದ ಮನೆಯವನಿಗೆ ಹಣ ತೀರಿಸಿ ಬಂದಂತೆ. ಆದ್ದರಿಂದ ಈ ಬೆಟ್ಟಗಳಲ್ಲಿ ಮರ ಕಡಿಯುವುದೇ ಪುಣ್ಯದ ಕೆಲಸವಾಗುವ ಜಾಗಗಳಿವೆ. ನಲವತ್ತು ವರ್ಷ ಸಸಿ ನೆಟ್ಟು ಪುಣ್ಯ ಎಂದುಕೊಂಡ ಸಮಾಜಕ್ಕೆ ಇದನ್ನು ಒಪ್ಪಿಸುವುದು ಸುಲಭವಲ್ಲ, ಆದರೆ ಒಪ್ಪಿಸದೆ ಮುಂದೆ ಹೋಗುವಂತಿಲ್ಲ. ಅಕೇಶಿಯಾ ತೋಪನ್ನು ಒಮ್ಮೆಗೇ ಬೋಳಿಸಿದರೆ ಮೊದಲ ಜೂನ್ ಮಳೆಗೇ ಮಣ್ಣು ಹಳ್ಳ ಸೇರುತ್ತದೆ, ತೆರೆದ ನೆಲಕ್ಕೆ ಲಂಟಾನ ನುಗ್ಗುತ್ತದೆ. ತುಂಡು ತುಂಡಾಗಿ ತೆಗೆದು, ಪಕ್ಕದ ಉಳಿದ ಹುಲ್ಲಿನಿಂದಲೇ ಬೀಜವನ್ನೂ ಬುಡವನ್ನೂ ತಂದು ಹಿಡಿಸಬೇಕು, ಮೊಳೆತು ಬರುವ ಅಕೇಶಿಯಾವನ್ನು ವರ್ಷ ವರ್ಷವೂ ಕೀಳುತ್ತಿರಬೇಕು. ಒಂದು ದಿನದ ಉತ್ಸವದಲ್ಲಿ ಇದು ಮುಗಿಯುವುದಿಲ್ಲ. ವ್ರತದಂತೆ ವರ್ಷಗಟ್ಟಲೆ ಹಿಡಿದಿರಬೇಕಾದ ಕೆಲಸ.

ಧರ್ಮವನ್ನು ಇಷ್ಟು ನಂಬಬೇಡಿ, ಬೆಟ್ಟಗಳನ್ನು ಹಾಳು ಮಾಡುತ್ತಿರುವುದರಲ್ಲಿ ಧರ್ಮದ ಪಾಲೂ ಇದೆ ಎಂಬ ಆಕ್ಷೇಪ ನನಗೆ ಎಲ್ಲಕ್ಕಿಂತ ಭಾರವಾದದ್ದಾಗಿ ಕಾಣುತ್ತದೆ, ಯಾಕೆಂದರೆ ಅದು ನಿಜ. ದೇವರಕಾಡುಗಳೇ ಸಾಕ್ಷಿ. ಕೊಡಗಿನ ದಾಖಲೆಯಲ್ಲಿ 1905ರಲ್ಲಿ 15,506 ಎಕರೆ ದೇವರಕಾಡು ಇತ್ತು. 1985ರ ಹೊತ್ತಿಗೆ ಅದು 6,299 ಎಕರೆಗೆ ಇಳಿದಿತ್ತು. ಆ ಎಂಬತ್ತು ವರ್ಷಗಳಲ್ಲಿ ಭಕ್ತಿ ಕಡಿಮೆಯಾಯಿತೆಂದು ಯಾರೂ ಹೇಳಲಾರರು. ಮೂಡಿಗೆರೆ, ಕೊಪ್ಪ, ಕಳಸದ ಕಡೆಯ ಬನಗಳಲ್ಲೂ ನಡೆದದ್ದು ಅದೇ ಕಥೆ: ಬಯಲಲ್ಲಿ, ಮರದ ಬುಡದಲ್ಲಿ ಇದ್ದ ಕಲ್ಲಿಗೆ ಕಟ್ಟೆ ಬಂತು, ಕಟ್ಟೆಗೆ ಗುಡಿ ಬಂತು, ಗುಡಿಗೆ ಆರ್‌ಸಿಸಿ ಮಾಡು ಬಂತು, ಅಂಗಳಕ್ಕೆ ಇಂಟರ್‌ಲಾಕ್ ಹಾಸು ಬಂತು, ಬನ ಮಾತ್ರ ಹೋಯಿತು. ಈ ಇಡೀ ಬದಲಾವಣೆಯನ್ನು ಜೀರ್ಣೋದ್ಧಾರವೆಂದೇ ಕರಪತ್ರದಲ್ಲಿ ಅಚ್ಚು ಹಾಕುತ್ತಾರೆ. ಬಾಬಾಬುಡನ್‌ಗಿರಿಯ ಮಾಣಿಕ್ಯಧಾರೆಯಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಬರುವ ರೂಢಿಯಿಂದ ಒಂದು ಶುದ್ಧ ಒರತೆಯ ಸುತ್ತ ಒದ್ದೆ ಬಟ್ಟೆಯ ರಾಶಿ ಬೀಳುತ್ತದೆ. ಪಾಪ ಬಿಡಲು ಬಂದವರು ಬೆಟ್ಟದ ಮೇಲೆ ಕಸ ಬಿಟ್ಟು ಇಳಿಯುತ್ತಾರೆ. ದೀಪಾವಳಿಯ ಹೊತ್ತಿನಲ್ಲಿ ಬರಿಗಾಲಲ್ಲಿ ದೇವೀರಮ್ಮನ ಬೆಟ್ಟ ಹತ್ತುವವರ ಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಒಂದೆರಡು ದಿನದಲ್ಲಿ ಅಷ್ಟು ಸಾವಿರ ಪಾದಗಳನ್ನು ಹುಲ್ಲಿನ ಕಡಿದಾದ ಇಳಿಜಾರು ತಡೆದುಕೊಳ್ಳಬೇಕು ಎಂಬುದನ್ನೂ ಅದೇ ಭಕ್ತಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಷ್ಟನ್ನೂ ಒಪ್ಪಿಕೊಂಡ ಮೇಲೂ ನನ್ನ ವಾದ ಬೀಳುವುದಿಲ್ಲ. ಕಾಡನ್ನು ಉಳಿಸಿದ್ದು ಪವಿತ್ರವೆಂಬ ಭಾವನೆ ಒಂದೇ ಅಲ್ಲ. ಬನದಿಂದ ಕಡ್ಡಿಯನ್ನೂ ತರಬಾರದು, ಚಪ್ಪಲಿ ಹಾಕಿ ಹೋಗಬಾರದು, ಇಂತಿಂಥ ದಿನ ಬಿಟ್ಟು ಒಳಗೆ ಕಾಲಿಡಬಾರದು ಎಂಬ ನಿಷೇಧಗಳು ಉಳಿಸಿದವು. ನಿಷೇಧ ಕಳಚಿ ಭಾವನೆ ಉಳಿದಾಗ ಬನ ಕ್ಷೇತ್ರವಾಯಿತು, ಕ್ಷೇತ್ರಕ್ಕೆ ಪಾರ್ಕಿಂಗ್ ಬೇಕಾಯಿತು. ಧರ್ಮದಲ್ಲಿ ನಾವು ಮತ್ತೆ ಎತ್ತಿಕೊಳ್ಳಬೇಕಾದದ್ದು ಆ ಬಿಟ್ಟುಕೊಡುವ ಭಾಗವನ್ನು. ದಿನಕ್ಕೆ ಇಷ್ಟೇ ವಾಹನ, ಇಂಥ ತಿಂಗಳು ಚಾರಣವಿಲ್ಲ ಎಂದು ಅರಣ್ಯ ಇಲಾಖೆ ಬೋರ್ಡು ಹಾಕಿದರೆ ಅದನ್ನು ಸರ್ಕಾರದ ಕಿರುಕುಳ ಎನ್ನುವವರು, ತಮ್ಮ ಊರಿನ ನಾಗಬನಕ್ಕೆ ಇರುವ ನಿಯಮಗಳನ್ನು ಒಮ್ಮೆ ಎಣಿಸಿ ನೋಡಲಿ.

ಕಾಫಿ ನಾಡಿನವರು ಕೇಳುವ ಇನ್ನೊಂದು ಪ್ರಶ್ನೆಯಲ್ಲೂ ಹುರುಳಿದೆ. ಅಕೇಶಿಯಾ ಹೊರಗಿನದೆಂದು ಕೀಳುವುದಾದರೆ ಕಾಫಿ ಎಲ್ಲಿಯದು? ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನ ಮೋಖಾದಿಂದ ಏಳು ಬೀಜ ತಂದರೆಂಬುದು ಈ ಬೆಟ್ಟದ ಐತಿಹ್ಯ. ಇಡೀ ಕಾಫಿ ನಾಡು ಬದುಕುತ್ತಿರುವುದು ಪರದೇಶದ ಒಂದು ಗಿಡದ ಮೇಲೆ. ಹೊರಗಿನದು ಎಂಬ ಕಾರಣಕ್ಕೇ ಒಂದು ಜೀವವನ್ನು ಪಾಪಿ ಎನ್ನುವುದು ನನಗೂ ಒಪ್ಪಿಗೆಯಿಲ್ಲ. ಆ ಮಾತು ಗಿಡಗಳಿಂದ ಮನುಷ್ಯರ ಕಡೆಗೆ ಜಾರಲು ಹೊತ್ತು ಬೇಕಿಲ್ಲ. ಬಾಬಾಬುಡನ್‌ಗಿರಿಯ ಗುಹೆಯ ಸುತ್ತ ಕಳೆದ ಕೆಲವು ದಶಕಗಳಲ್ಲಿ ಎದ್ದ ವಿವಾದವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆ, ಬಂದದ್ದು ಇದ್ದವರಿಗೆ ಎಷ್ಟು ಜಾಗ ಉಳಿಸಿತು ಎಂಬುದು. ಅತ್ತಿ, ಹಲಸು, ಮತ್ತಿ, ನಂದಿ, ಹೊನ್ನೆಯ ನೆರಳಲ್ಲಿ ಬೆಳೆದ ಹಳೆಯ ತೋಟ ಮಂಗಟ್ಟೆ ಹಕ್ಕಿಗೂ ಕೆಂಜಳಿಲಿಗೂ ಊಟ ಇಟ್ಟಿತು. ಅದೇ ತೋಟದಲ್ಲಿ ಆ ಮರಗಳನ್ನು ಒಂದೊಂದಾಗಿ ತೆಗೆದು ಕಾಳುಮೆಣಸಿನ ಬಳ್ಳಿಗೆಂದು ಸಾಲು ಸಾಲು ಸಿಲ್ವರ್ ಓಕ್ ಮರ ಹಾಕಿದಾಗ ಕಾಫಿ ಮೊದಲಿನದೇ ಆದರೂ ತೋಟ ಬೇರೆಯಾಯಿತು. ಕಾಫಿಯೂ ಕಾಡು ಕಡಿದೇ ಬಂದದ್ದು. ಆ ಋಣ ತೋಟದವರ ಮೇಲೆ ಇದೆ. ನೆರಳಿನ ಕಾಡುಮರಗಳನ್ನು ಉಳಿಸಿಕೊಳ್ಳುವುದು ಅದನ್ನು ತೀರಿಸುವ ಒಂದು ದಾರಿ, ಬೆಟ್ಟದ ಉದ್ಯಾನಗಳಿಂದ ಪ್ರಾಣಿಪಕ್ಷಿಗಳು ಕೆಳಗಿಳಿದು ದಾಟಲು ಇರುವ ದಾರಿಯೂ ಅದೇ. ಕೆಮ್ಮಣ್ಣುಗುಂಡಿಯ ಬಗ್ಗೆಯೂ ಇಷ್ಟೇ ಹೇಳುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ತಾಣವಾಗಿದ್ದು, ಮುಂದೆ ತೋಟಗಾರಿಕೆ ಇಲಾಖೆಗೆ ಸೇರಿದ ಆ ಗಿರಿಧಾಮದ ಗುಲಾಬಿ ಮಡಿಗಳನ್ನು ಕೀಳಬೇಕಾಗಿಲ್ಲ. ಅವುಗಳ ಆಚೆಗಿನ, ಭದ್ರಾವತಿಯ ಕಾರ್ಖಾನೆಗೆ ಅದಿರು ಕೊಟ್ಟು ಗಾಯಗೊಂಡ ಗುಡ್ಡಗಳಿಗೆ ಮಾತ್ರ ಹೂದೋಟದ ಕಣ್ಣು ಬೀಳಬಾರದು.

ಪ್ರಾಯಶ್ಚಿತ್ತವನ್ನು ಯಾರು ಮಾಡಬೇಕು ಎಂಬ ಪ್ರಶ್ನೆಯಲ್ಲಿ ನಮ್ಮ ಶಾಸ್ತ್ರಗಳ ಕೈ ಶುದ್ಧವಾಗಿಲ್ಲ. ಕೊಂದವನ ಜಾತಿ, ಸತ್ತವನ ಜಾತಿ ನೋಡಿ ಪ್ರಾಯಶ್ಚಿತ್ತದ ತೂಕ ಇಳಿಸಿದ, ಏರಿಸಿದ ಗ್ರಂಥಗಳವು. ಆ ತಕ್ಕಡಿ ಇಂದಿನ ಸಂರಕ್ಷಣೆಯ ಒಳಗೂ ಸದ್ದಿಲ್ಲದೆ ಬಂದು ಕೂರಬಹುದು ಎಂಬುದು ನನ್ನ ನಿಜವಾದ ಭಯ. ಕುದುರೆಮುಖದ ಅದಿರು ಕೊಳವೆಯಲ್ಲಿ ನೀರಿನ ಜೊತೆ ಹರಿದು ಘಟ್ಟ ಇಳಿದು ಮಂಗಳೂರು ಸೇರಿ, ಅಲ್ಲಿಂದ ಹಡಗೇರಿತು. ಯೋಜನೆ ಶುರುವಾದದ್ದೇ ಇರಾನಿನ ಷಾ ಆಡಳಿತದ ಸಾಲದ ಒಪ್ಪಂದದ ಮೇಲೆ. ಅದರ ಲಾಭ ಈ ಬೆಟ್ಟಗಳ ಬುಡಕಟ್ಟಿನವರಾದ ಮಲೆಕುಡಿಯರ ಮನೆಗೆ ಬರಲಿಲ್ಲ. ಆದರೆ 1987ರಲ್ಲಿ ರಾಷ್ಟ್ರೀಯ ಉದ್ಯಾನದ ಗಡಿ ಎಳೆದಾಗ ರೇಖೆಯ ಒಳಗೆ ಸಿಕ್ಕಿಕೊಂಡವರು ಅವರು. ರಸ್ತೆ, ಕರೆಂಟು, ಹಕ್ಕುಪತ್ರಕ್ಕೆ ಕಾಯುತ್ತ ಕುಳಿತವರೂ ಅವರೇ. ಮಾಡದ ಪಾಪಕ್ಕೆ ಅವರು ವ್ರತ ಹಿಡಿಯುವುದು ಪ್ರಾಯಶ್ಚಿತ್ತವಾಗಲಾರದು; ಅದು ಎರಡನೆಯ ಅನ್ಯಾಯ. ಭದ್ರಾ ಅಭಯಾರಣ್ಯದಿಂದ 2001–02ರ ಸುಮಾರಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದದ್ದನ್ನು ದೇಶದಲ್ಲೇ ಉತ್ತಮ ಪುನರ್ವಸತಿ ಎಂದು ಹಲವರು ಮೆಚ್ಚಿದ್ದಾರೆ. ನೀರಾವರಿಯ ಜಮೀನು, ಮನೆ ಸಿಕ್ಕವು, ಅವರು ಬಿಟ್ಟುಬಂದ ಗದ್ದೆಬಯಲುಗಳು ಹುಲ್ಲಾಗಿ ಕಾಟಿ, ಜಿಂಕೆಗಳಿಗೆ ಮೇವಾದವು. ಮೆಚ್ಚುಗೆಗೆ ಕಾರಣವಿದೆ. ಆದರೆ ಬಿಟ್ಟುಕೊಟ್ಟವರ ತ್ಯಾಗವನ್ನು ಪಡೆದವರ ಪುಣ್ಯದ ಖಾತೆಗೆ ಬರೆದುಕೊಳ್ಳುವಂತಿಲ್ಲ. ಕುದುರೆಮುಖದಲ್ಲಿ ಉಳಿಯಬಯಸುವ ಕುಟುಂಬಕ್ಕೆ ಉಳಿಯುವ ಹಕ್ಕನ್ನು ಕೊಟ್ಟು, ಹುಲ್ಲು ಹಿಡಿಸುವ, ಬೆಂಕಿರೇಖೆ ಕಾಯುವ ಕೆಲಸವನ್ನು ತಕ್ಕ ಸಂಬಳಕ್ಕೆ ಅವರ ಕೈಗೆ ಒಪ್ಪಿಸುವುದು ನ್ಯಾಯ. ಯಾವ ಹುಲ್ಲು ಯಾವ ಇಳಿಜಾರಿನಲ್ಲಿ ನಿಲ್ಲುತ್ತದೆಂದು ಬಲ್ಲವರೂ ಅವರೇ.

ಕೊನೆಗೆ, ಇಷ್ಟೆಲ್ಲ ಯಾಕೆ, ಬೆಟ್ಟವನ್ನು ಅದರ ಪಾಡಿಗೆ ಬಿಟ್ಟರೆ ತಾನೇ ಸರಿಹೋಗುತ್ತದೆ ಎನ್ನುವ ಸಾತ್ವಿಕರಿದ್ದಾರೆ. ಗಾಯಗೊಂಡ ಎಷ್ಟೋ ಕಣಿವೆಗಳ ಮಟ್ಟಿಗೆ ಅವರು ಹೇಳುವುದು ಸರಿ. ಕಾಲು ಮತ್ತು ಬೆಂಕಿ ಎರಡನ್ನೂ ದೂರ ಇಟ್ಟರೆ ಶೋಲಾದ ಅಂಚು ತಾನೇ ಮುಂದೆ ಬರುತ್ತದೆ. ಆದರೆ ಗಣಿ ಬಿಟ್ಟುಹೋದದ್ದರಲ್ಲಿ ಹಾಗೆ ಬಿಡಲಾಗದ್ದೂ ಇದೆ. ಭದ್ರೆಯನ್ನು ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ, ಸುಮಾರು 100 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ, ಅದಿರು ಬೇರ್ಪಡಿಸಿ ಉಳಿದ ನುಣ್ಣನೆಯ ಹೂಳು ವರ್ಷಗಟ್ಟಲೆ ತುಂಬಿಕೊಂಡಿದೆ. ಬೆಟ್ಟ ಅದನ್ನು ಮಾಡಲಿಲ್ಲ, ಬೆಟ್ಟಕ್ಕೆ ಅದನ್ನು ಹೇಗೆ ಅರಗಿಸಿಕೊಳ್ಳಬೇಕೆಂದು ಗೊತ್ತಿಲ್ಲ. ದೇಶದಲ್ಲೇ ಅತಿ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲಿ ಒಂದಾದ ಇಲ್ಲಿ ಆ ಕಟ್ಟೆ ಮುಂದಿನ ನೂರು ಮಳೆಗಾಲಗಳನ್ನು ದಾಟಬೇಕು. ಕೆಳಗೆ ಕಳಸವಿದೆ, ಭದ್ರೆಯ ಪಂಚತೀರ್ಥಗಳಿವೆ, ಬಾಳೆಹೊನ್ನೂರಿದೆ, ಜಲಾಶಯವಿದೆ. ಹೂಳಿನ ಮೇಲೆ ಹುಲ್ಲು ಹಿಡಿದ ಮೇಲೂ ಪ್ರತಿ ವರ್ಷ ಮೇ ತಿಂಗಳಲ್ಲಿ ಯಾರಾದರೊಬ್ಬರು ಕಟ್ಟೆಯ ಮೇಲೆ ನಡೆದು ಬಿರುಕು, ಜಿನುಗು ನೋಡಿ ಬರೆದಿಡಬೇಕು, ಕೋಡಿಯ ಕಸ ತೆಗೆಸಬೇಕು. ಆ ಖರ್ಚನ್ನು ಉದ್ಯಾನದ ಪ್ರವೇಶ ಶುಲ್ಕದಿಂದಲೋ ಪಂಚಾಯಿತಿಯಿಂದಲೋ ಹೊಂದಿಸದೆ, ಅದಿರನ್ನು ಮಾರಿದ ಕೈಗಳೇ, ಕಟ್ಟೆ ಇರುವ ತನಕವೂ, ಕೊಡುತ್ತಿರಬೇಕು.